ಮಸಲ್ ಕಾರಿಗೆ ಕ್ಯಾಮ್‌ಶಾಫ್ಟ್: ಕ್ಯಾಟಲಾಗಿನ ಅಂಕಿಗಳನ್ನು ಓದುವ ಬಗೆ

1964ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಪಾಂಟಿಯಾಕ್ ವಿಭಾಗವು ತನ್ನ ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿಗೆ 389 ಘನ ಇಂಚು ಸಾಮರ್ಥ್ಯದ ದೊಡ್ಡ ವಿ-8 ಎಂಜಿನ್ ಜೋಡಿಸಿ, ಅದನ್ನು ಜಿಟಿಓ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಿಟ್ಟಿತು. ಮಧ್ಯಮ ಗಾತ್ರದ ಒಡಲು, ದೊಡ್ಡ ಎಂಜಿನ್ ಮತ್ತು ಸಾಮಾನ್ಯರ ಕೈಗೆಟುಕುವ ಬೆಲೆ ಎಂಬ ಈ ಸೂತ್ರದ ಕಾರುಗಳಿಗೆ ಮುಂದೆ ಮಸಲ್ ಕಾರು ಎಂಬ ಹೆಸರು ನಿಂತಿತು. 1970ರ ದಶಕದ ಮೊದಲ ವರ್ಷಗಳಲ್ಲಿಯೇ ಅವುಗಳ ವೈಭವದ ಕಾಲ ಮುಗಿಯಿತಾದರೂ, ಉಳಿದುಕೊಂಡ ಕಾರುಗಳನ್ನು ಸರಿಪಡಿಸಿ, ಶಕ್ತಿ ಹೆಚ್ಚಿಸಿ, ರಸ್ತೆಯಲ್ಲಿ ಓಡಿಸುವ ಹವ್ಯಾಸಿಗಳನ್ನು ಅವಲಂಬಿಸಿ ಒಂದು ದೊಡ್ಡ ಬಿಡಿಭಾಗಗಳ ಉದ್ಯಮ ಇಂದಿಗೂ ನಡೆಯುತ್ತಿದೆ. ಈ ಉದ್ಯಮದ ತಯಾರಕರು 1963ರಲ್ಲಿ ಸೆಮಾ ಎಂಬ ತಮ್ಮದೇ ಸಂಘವನ್ನು ಕಟ್ಟಿಕೊಂಡಾಗ ಅದರ ಮೊದಲ ಅಧ್ಯಕ್ಷರಾದವರು ಕ್ಯಾಲಿಫೋರ್ನಿಯಾದ ಎಡ್ ಇಸ್ಕೆಂಡೇರಿಯನ್. ಅವರು ಕ್ಯಾಮ್‌ಶಾಫ್ಟ್ ತಯಾರಕರು.

ಈ ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಆಸೆಯಿಂದ ಕೊಳ್ಳಲಾಗುವ ಮತ್ತು ಅತಿ ಹೆಚ್ಚು ಬಾರಿ ತಪ್ಪಾಗಿ ಆರಿಸಲಾಗುವ ಭಾಗವೂ ಕ್ಯಾಮ್‌ಶಾಫ್ಟೇ ಆಗಿದೆ. ಗ್ರಾಹಕನು ಕ್ಯಾಟಲಾಗು ತೆರೆದು, ಅಂಕಿ ದೊಡ್ಡದಾದಷ್ಟೂ ಶಕ್ತಿ ಹೆಚ್ಚೆಂದು ಭಾವಿಸಿ, ತನ್ನ ಎಂಜಿನಿಗೆ ಬೇಕಾದುದಕ್ಕಿಂತ ಎರಡು ಮೆಟ್ಟಿಲು ಮೇಲಿನದನ್ನು ತರಿಸುತ್ತಾನೆ. ಎಂಜಿನ್ ಬಿಚ್ಚಿ ಕೂಡಿಸಿದ ಕೂಲಿ, ಹೊಸ ಗ್ಯಾಸ್ಕೆಟ್‌ಗಳು, ಎಣ್ಣೆ ಎಲ್ಲವೂ ಸೇರಿ ಕ್ಯಾಮಿನ ಬೆಲೆಗಿಂತ ಹೆಚ್ಚು ಖರ್ಚಾದ ಮೇಲೆ ರಸ್ತೆಗಿಳಿದ ಕಾರು, ಸಿಗ್ನಲಿನಿಂದ ಹೊರಡುವಾಗ ಮೊದಲಿಗಿಂತ ಮಂದವಾಗಿರುವುದು ಕಂಡುಬರುತ್ತದೆ. ಭಾಗದಲ್ಲಿ ದೋಷವಿರುವುದಿಲ್ಲ, ಆದ್ದರಿಂದ ಹಣ ಹಿಂದಿರುಗುವುದೂ ಇಲ್ಲ.

ಕ್ಯಾಮ್ ಮಾಡುವ ಕೆಲಸ

ಕ್ಯಾಮ್‌ಶಾಫ್ಟ್ ಎಂಬುದು ಮೊಟ್ಟೆಯಾಕಾರದ ಉಬ್ಬುಗಳುಳ್ಳ ಒಂದು ದಂಡ. ಈ ಉಬ್ಬುಗಳಿಗೆ ಲೋಬ್ ಎನ್ನುತ್ತಾರೆ. ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು ತಿರುಗುತ್ತದೆ. ಲೋಬ್ ಮೇಲೇರಿದಾಗ ಟ್ಯಾಪೆಟ್, ಪುಶ್‌ರಾಡ್ ಮತ್ತು ರಾಕರ್ ಆರ್ಮ್‌ಗಳ ಮೂಲಕ ವಾಲ್ವ್ ತೆರೆದುಕೊಳ್ಳುತ್ತದೆ. ವಾಲ್ವ್ ಎಷ್ಟು ಎತ್ತರಕ್ಕೆ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು, ಪಿಸ್ಟನ್ ಎಲ್ಲಿರುವಾಗ ಮುಚ್ಚಬೇಕು ಎಂಬ ಮೂರೂ ಸಂಗತಿಗಳು ಈ ದಂಡವನ್ನು ಗ್ರೈಂಡಿಂಗ್ ಮಾಡಿದ ದಿನವೇ ತೀರ್ಮಾನವಾಗಿರುತ್ತವೆ. 1960ರ ದಶಕದ ಎಂಜಿನ್‌ಗಳಲ್ಲಿ ಅದನ್ನು ಓಡುವಾಗ ಬದಲಿಸುವ ವ್ಯವಸ್ಥೆ ಇರಲಿಲ್ಲ. ಹಾಗಾಗಿ ಒಂದು ಕ್ಯಾಮ್ ಒಂದು ವೇಗದ ವ್ಯಾಪ್ತಿಯಲ್ಲಿ ಮಾತ್ರ ಎಂಜಿನಿಗೆ ಪೂರ್ತಿ ಉಸಿರು ಕೊಡಬಲ್ಲದು.

ಇದರಲ್ಲಿ ಇನ್‌ಲೆಟ್ ವಾಲ್ವ್ ಮುಚ್ಚುವ ಗಳಿಗೆ ಎಲ್ಲಕ್ಕಿಂತ ಮುಖ್ಯವಾದುದು. ಪಿಸ್ಟನ್ ಕೆಳತುದಿ ಮುಟ್ಟಿ ಮೇಲಕ್ಕೆ ಹೊರಟ ನಂತರವೂ ಈ ವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಎಂಜಿನ್ ವೇಗವಾಗಿ ತಿರುಗುತ್ತಿರುವಾಗ, ಒಳನುಗ್ಗುವ ಗಾಳಿಗೆ ತನ್ನದೇ ಆದ ರಭಸವಿರುವುದರಿಂದ, ಅದು ಏರುತ್ತಿರುವ ಪಿಸ್ಟನ್ನಿಗೆ ಎದುರಾಗಿಯೂ ಸಿಲಿಂಡರನ್ನು ತುಂಬುತ್ತಲೇ ಇರುತ್ತದೆ. ತಡವಾಗಿ ಮುಚ್ಚಿದಷ್ಟೂ ಲಾಭ. ನಿಧಾನವಾಗಿ ತಿರುಗುವಾಗ ಆ ರಭಸವಿರುವುದಿಲ್ಲ. ಪಿಸ್ಟನ್ ಒಳಗೆ ಬಂದ ಗಾಳಿಯನ್ನೇ ಮತ್ತೆ ಹೊರಕ್ಕೆ ತಳ್ಳುತ್ತದೆ. ಸಿಲಿಂಡರಿನ ಒತ್ತಡ ಕುಸಿಯುತ್ತದೆ, ಅದರೊಡನೆ ಟಾರ್ಕ್ ಕೂಡ. ಮೇಲಿನ ವೇಗದಲ್ಲಿ ಗಳಿಸಿದ ಶಕ್ತಿಗೆ ಕೆಳಗಿನ ವೇಗದಲ್ಲಿ ತೆರುವ ಬೆಲೆ ಇದೇ ಆಗಿದೆ.

ಈ ವ್ಯವಹಾರದಲ್ಲಿ ಅಶ್ವಶಕ್ತಿಯ ಅಂಕಿಯೂ ಗ್ರಾಹಕನ ದಾರಿ ತಪ್ಪಿಸುವುದುಂಟು. ಪೌಂಡ್-ಅಡಿಗಳಲ್ಲಿ ಅಳೆದ ಟಾರ್ಕನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 5,252ರಿಂದ ಭಾಗಿಸಿದರೆ ಅಶ್ವಶಕ್ತಿ ದೊರೆಯುತ್ತದೆ. 300 ಪೌಂಡ್-ಅಡಿ ಟಾರ್ಕ್ 2,500 ಸುತ್ತಿನಲ್ಲಿ ದೊರೆತರೆ ಅದು ಸುಮಾರು 143 ಅಶ್ವಶಕ್ತಿ. ಅದೇ ಟಾರ್ಕ್ 5,252 ಸುತ್ತಿನಲ್ಲಿ ದೊರೆತರೆ 300 ಅಶ್ವಶಕ್ತಿ. ಜಾಹೀರಾತಿನಲ್ಲಿ ಅಚ್ಚಾಗುವುದು ಎರಡನೆಯ ಅಂಕಿ. ಊರೊಳಗೆ ಓಡುವ ಕಾರಿಗೆ ದಿನವೂ ಬೇಕಾಗುವುದು ಮೊದಲನೆಯದು.

ಒಂದೇ ಅಳತೆ, ಬೇರೆ ಬೇರೆ ಅಳತೆಗೋಲು

ಕ್ಯಾಟಲಾಗಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಡ್ಯುರೇಷನ್, ಅಂದರೆ ವಾಲ್ವ್ ತೆರೆದಿರುವ ಅವಧಿ. ಇದನ್ನು ಕ್ರ್ಯಾಂಕ್‌ಶಾಫ್ಟಿನ ಡಿಗ್ರಿಗಳಲ್ಲಿ ಹೇಳಲಾಗುತ್ತದೆ. ವ್ಯಾಪಾರದ ದೃಷ್ಟಿಯಿಂದ ಇಲ್ಲೊಂದು ಗಂಭೀರ ತೊಡಕಿದೆ. ಲೋಬ್ ಟ್ಯಾಪೆಟ್ಟನ್ನು ಎತ್ತಲು ಆರಂಭಿಸುವ ಇಳಿಜಾರು ಬಹಳ ಮೆಲ್ಲನೆಯದಾದ್ದರಿಂದ, ವಾಲ್ವ್ ಯಾವ ಬಿಂದುವಿನಲ್ಲಿ ತೆರೆಯಿತೆಂದು ಲೆಕ್ಕ ಹಿಡಿಯುವುದೆಂಬುದನ್ನು ತಯಾರಕರೇ ನಿರ್ಧರಿಸಬೇಕು. ಒಬ್ಬರು ಟ್ಯಾಪೆಟ್ 0.004 ಇಂಚು ಎದ್ದಾಗಿನಿಂದ ಎಣಿಸುತ್ತಾರೆ, ಮತ್ತೊಬ್ಬರು 0.006 ಇಂಚಿನಿಂದ. ಅದೇ ದಂಡಕ್ಕೆ ಎರಡು ಅಂಗಡಿಗಳಲ್ಲಿ ಎರಡು ಅಂಕಿಗಳು ಬರುತ್ತವೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೂ ಎರಡು ಕ್ಯಾಟಲಾಗುಗಳ ಈ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವ ಗ್ರಾಹಕ ಮೋಸಹೋಗುತ್ತಾನೆ. ಗಜಕ್ಕೊಂದು ಅಳತೆ ಇರುವ ಬಟ್ಟೆ ಪೇಟೆಯ ಪರಿಸ್ಥಿತಿ ಇದು.

ಇದಕ್ಕೆ ಉದ್ಯಮವು ತಾನೇ ಕಂಡುಕೊಂಡ ಪರಿಹಾರವೆಂದರೆ 0.050 ಇಂಚು, ಅಂದರೆ 1.27 ಮಿಲಿಮೀಟರಿನ ಅಳತೆ. ಟ್ಯಾಪೆಟ್ ಇಷ್ಟು ಎತ್ತರಕ್ಕೆ ಎದ್ದ ಕ್ಷಣದಿಂದ ಮತ್ತೆ ಇಷ್ಟೇ ಎತ್ತರಕ್ಕೆ ಇಳಿಯುವವರೆಗಿನ ಡಿಗ್ರಿಗಳನ್ನು ಬಹುತೇಕ ಎಲ್ಲ ತಯಾರಕರೂ ಪ್ರತ್ಯೇಕವಾಗಿ ಮುದ್ರಿಸುತ್ತಾರೆ. ಹೋಲಿಕೆಗೆ ಯೋಗ್ಯವಾದುದು ಈ ಅಂಕಿ ಮಾತ್ರ. ದಪ್ಪಕ್ಷರದ ಅಂಕಿಯನ್ನು ಬಿಟ್ಟು ಸಣ್ಣಕ್ಷರದ ಈ ಅಂಕಿಯನ್ನು ಹುಡುಕುವ ಅಭ್ಯಾಸವೊಂದೇ ಅರ್ಧ ತಪ್ಪುಗಳನ್ನು ತಪ್ಪಿಸಬಲ್ಲದು.

ಶೆವ್ರೊಲೆ ಸಂಸ್ಥೆಯ 350 ಘನ ಇಂಚಿನ, ಅಂದರೆ 5.7 ಲೀಟರಿನ ವಿ-8 ಎಂಜಿನ್ ಈ ವಿಚಾರಕ್ಕೆ ಒಳ್ಳೆಯ ಉದಾಹರಣೆಯಾಗಿದೆ. 1955ರಲ್ಲಿ 265 ಘನ ಇಂಚಿನಿಂದ ಆರಂಭವಾದ ಸ್ಮಾಲ್ ಬ್ಲಾಕ್ ವಂಶಕ್ಕೆ ಸೇರಿದ ಈ ಎಂಜಿನ್ 1967ರ ಕಮಾರೊ ಕಾರಿನಲ್ಲಿ ಮೊದಲು ಕಾಣಿಸಿತು. ಇದರ ಸಾಧಾರಣ ಮಾದರಿಗಳಿಗೆ ಕಾರ್ಖಾನೆಯವರು ಕೊಟ್ಟ ಕ್ಯಾಮಿನಲ್ಲಿ 0.050 ಇಂಚಿನ ಅಳತೆಯ ಅವಧಿ ಇನ್‌ಲೆಟ್ಟಿಗೆ ಸುಮಾರು 195 ಡಿಗ್ರಿ, ಎಕ್ಸಾಸ್ಟಿಗೆ 202 ಡಿಗ್ರಿ. ಅದೇ ವಂಶದ 327 ಎಂಜಿನಿನ 350 ಅಶ್ವಶಕ್ತಿಯ ಮಾದರಿಗೆ ಕೊಟ್ಟಿದ್ದು ಎರಡೂ ಕಡೆ 222 ಡಿಗ್ರಿ. ಇನ್ನು 1964ರಲ್ಲಿ ಕಾರ್ವೆಟ್ಟಿಗೆ ಬಂದು, 1967ರಿಂದ 1969ರವರೆಗಿನ ಕಮಾರೊ ಝಡ್-28ರ 302 ಎಂಜಿನಿನಲ್ಲಿಯೂ ಬಳಕೆಯಾದ ಪ್ರಸಿದ್ಧ 'ಡಂಟೋವ್ 30-30' ಕ್ಯಾಮಿನಲ್ಲಿ 254 ಡಿಗ್ರಿ. ಎಂಜಿನಿಯರ್ ಝೋರಾ ಆರ್ಕಸ್-ಡಂಟೋವ್ ಅವರ ಹೆಸರು ಹೊತ್ತ ಈ ಕ್ಯಾಮಿಗೆ, ಎರಡೂ ವಾಲ್ವ್‌ಗಳಿಗೆ 0.030 ಇಂಚಿನ ಸಡಿಲ ಬಿಡಬೇಕಾದ್ದರಿಂದ ಆ ಸಂಖ್ಯೆ ಅಂಟಿಕೊಂಡಿತು.

ಹವ್ಯಾಸಿಗಳು ಈ 30-30ರ ಕೀರ್ತಿಯನ್ನು ನೆನಪಿಟ್ಟುಕೊಳ್ಳುತ್ತಾರೆ. ಅದರ ಸುತ್ತ ಏನೇನಿತ್ತು ಎಂಬುದನ್ನು ಮರೆಯುತ್ತಾರೆ. ಝಡ್-28 ಕಾರನ್ನು ಕಾರ್ಖಾನೆಯು ಕೈಯಿಂದ ಬದಲಿಸುವ ನಾಲ್ಕು ಗೇರ್‌ಗಳ ಪೆಟ್ಟಿಗೆಯೊಂದಿಗೆ ಮಾತ್ರ ಮಾರುತ್ತಿತ್ತು. ಆಟೊಮ್ಯಾಟಿಕ್ ಗೇರ್ ಲಭ್ಯವಿರಲಿಲ್ಲ, ಹವಾನಿಯಂತ್ರಣವೂ ಇರಲಿಲ್ಲ. ಹಿಂದಿನ ಆಕ್ಸಲಿನ ಗೇರ್ ಅನುಪಾತ 3.73. ಕ್ಯಾಮಿನ ಸ್ವಭಾವವನ್ನು ಅರಿತೇ ಉಳಿದ ಕಾರನ್ನು ಅದಕ್ಕೆ ಹೊಂದಿಸಲಾಗಿತ್ತು.

ಲಿಫ್ಟ್ ಮತ್ತು ಲೋಬ್‌ಗಳ ಕೋನ

ಲಿಫ್ಟ್, ಅಂದರೆ ವಾಲ್ವ್ ಏಳುವ ಎತ್ತರ, ಲೋಬಿನ ಎತ್ತರವನ್ನು ರಾಕರ್ ಆರ್ಮಿನ ಅನುಪಾತದಿಂದ ಗುಣಿಸಿದರೆ ದೊರೆಯುತ್ತದೆ. ಸ್ಮಾಲ್ ಬ್ಲಾಕ್ ಶೆವ್ರೊಲೆಯಲ್ಲಿ ಈ ಅನುಪಾತ 1.5. ಲೋಬ್ 0.318 ಇಂಚು ಇದ್ದರೆ ವಾಲ್ವ್ 0.477 ಇಂಚು ಏಳುತ್ತದೆ, 1.6ರ ರಾಕರ್ ಹಾಕಿದರೆ ಸುಮಾರು 0.509 ಇಂಚು. ಅವಧಿಯನ್ನು ಹೆಚ್ಚಿಸದೆ ಲಿಫ್ಟ್ ಹೆಚ್ಚಿಸಿದರೆ ಕೆಳವೇಗದ ಟಾರ್ಕಿಗೆ ಅಂಥ ಹಾನಿಯಿಲ್ಲ. ಆದರೆ ವಾಲ್ವ್ ಸ್ಪ್ರಿಂಗ್‌ಗಳು ಪೂರ್ತಿ ಒತ್ತಿಕೊಂಡು ಸುರುಳಿಗಳು ಒಂದಕ್ಕೊಂದು ತಾಗಬಾರದು, ಸ್ಪ್ರಿಂಗಿನ ಮೇಲಿನ ರಿಟೈನರ್ ವಾಲ್ವ್ ಗೈಡಿಗೆ ಬಡಿಯಬಾರದು. ಹಳೆಯ ಕಾರ್ಖಾನೆ ಹೆಡ್‌ಗಳಲ್ಲಿ ಲಿಫ್ಟ್ 0.450 ಇಂಚಿನ ಆಸುಪಾಸಿಗೆ ಬಂದೊಡನೆ ಇದನ್ನು ಅಳೆದು ನೋಡಬೇಕಾಗುತ್ತದೆ. ಬಿರುಸಾದ ಸ್ಪ್ರಿಂಗ್ ಹಾಕಿದ ಮೇಲೆ, ಒತ್ತಿ ಕೂರಿಸಿದ ರಾಕರ್ ಸ್ಟಡ್‌ಗಳು ಹೆಡ್ಡಿನಿಂದ ಮೇಲೆದ್ದು ಬಂದ ನಿದರ್ಶನಗಳು ಈ ಎಂಜಿನಿನಲ್ಲಿ ಹೊಸವಲ್ಲ.

ಇನ್‌ಲೆಟ್ ಮತ್ತು ಎಕ್ಸಾಸ್ಟ್ ಲೋಬ್‌ಗಳ ನಡುಬಿಂದುಗಳ ಅಂತರವನ್ನು ಲೋಬ್ ಕೋನ ಎನ್ನಬಹುದು. ರಸ್ತೆಯ ಕ್ಯಾಮ್‌ಗಳಲ್ಲಿ ಇದು ಸಾಮಾನ್ಯವಾಗಿ 108ರಿಂದ 114 ಡಿಗ್ರಿ. ಕೋನ ಕಿರಿದಾದಷ್ಟೂ, ಎಕ್ಸಾಸ್ಟ್ ವಾಲ್ವ್ ಮುಚ್ಚುವ ಮೊದಲೇ ಇನ್‌ಲೆಟ್ ವಾಲ್ವ್ ತೆರೆದಿರುವ ಅವಧಿ ಹೆಚ್ಚುತ್ತದೆ. ಈ ಅವಧಿಗೆ ಓವರ್‌ಲ್ಯಾಪ್ ಎಂದು ಹೆಸರು. ಓವರ್‌ಲ್ಯಾಪ್ ಹೆಚ್ಚಾದ ಎಂಜಿನ್ ನಿಂತಲ್ಲಿ ಓಡುವಾಗ, ಸುಟ್ಟ ಹೊಗೆ ಹಿಂದಿರುಗಿ ಹೊಸ ಮಿಶ್ರಣದೊಡನೆ ಬೆರೆತು, ಮುಗ್ಗರಿಸುತ್ತ ಗುಡುಗುವಂಥ ಸದ್ದು ಹೊರಡಿಸುತ್ತದೆ. ಮಸಲ್ ಕಾರಿನ ಅಭಿಮಾನಿಗಳಿಗೆ ಈ ಸದ್ದಿಗಿಂತ ಇಂಪಾದ ಸಂಗೀತವಿಲ್ಲ. ಕ್ಯಾಮ್ ಮಾರಾಟದಲ್ಲಿ ಈ ಸದ್ದಿನ ಪಾತ್ರ ಬಹಳ ದೊಡ್ಡದು. ಮುಖ್ಯವಾಗಿ ಸದ್ದಿಗಾಗಿಯೇ ರೂಪಿಸಿದ ಸರಣಿಗಳೂ ಮಾರುಕಟ್ಟೆಯಲ್ಲಿವೆ. ಕೊಳ್ಳುವವನಿಗೆ ಬೇಕಾದುದು ಸದ್ದೇ ಆಗಿದ್ದರೆ ಅದರಲ್ಲಿ ತಪ್ಪೇನಿಲ್ಲ. ಸದ್ದನ್ನು ಶಕ್ತಿಯೆಂದು ತಿಳಿದು ಕೊಳ್ಳುವುದು ನಷ್ಟದ ವ್ಯಾಪಾರ.

ಈ ಮುಗ್ಗರಿಕೆಗೆ ಇನ್ನೊಂದು ಮುಖವಿದೆ. ಪವರ್ ಬ್ರೇಕ್ ಕೆಲಸ ಮಾಡುವುದು ಎಂಜಿನಿನ ಇನ್‌ಲೆಟ್ ಕೊಳವೆಯಲ್ಲಿ ಉಂಟಾಗುವ ನಿರ್ವಾತದಿಂದ. ಓವರ್‌ಲ್ಯಾಪ್ ಏರಿದಂತೆ ಐಡ್ಲಿಂಗಿನ ನಿರ್ವಾತ ಇಳಿಯುತ್ತದೆ. ಪಾದರಸದ ಅಳತೆಯಲ್ಲಿ ಅದು ಸುಮಾರು 15 ಇಂಚಿಗಿಂತ ಕಡಿಮೆಯಾದರೆ ಬ್ರೇಕಿನ ನೆರವು ಕುಗ್ಗುತ್ತ ಹೋಗಿ, ಪೆಡಲು ಕಾಲಿಗೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಒಂದೂವರೆ ಟನ್ನಿಗಿಂತ ಭಾರದ ಕಾರಿನಲ್ಲಿ ಇದು ಹವ್ಯಾಸದ ಮಾತಲ್ಲ, ಪ್ರಾಣದ ಮಾತು. ಡೆಟ್ರಾಯಿಟ್ ನಗರದ ಹೊರವಲಯದ ವುಡ್‌ವರ್ಡ್ ಅವೆನ್ಯೂದಲ್ಲಿ 1995ರಿಂದ ಆಗಸ್ಟ್ ತಿಂಗಳಲ್ಲಿ ನಡೆಯುತ್ತ ಬಂದಿರುವ ಹಳೆಯ ಕಾರುಗಳ ಮೆರವಣಿಗೆಯಂಥ ಸಂದರ್ಭವನ್ನೇ ನೆನೆಯಬಹುದು: ಬೇಸಗೆಯ ಬಿಸಿಲಿನಲ್ಲಿ, ಒಂದರ ಹಿಂದೊಂದು, ಗಂಟೆಗಟ್ಟಲೆ ಆಮೆನಡಿಗೆ. ರಸ್ತೆಯ ಮಸಲ್ ಕಾರಿನ ನಿಜವಾದ ಬಾಳು ಬಹುಪಾಲು ಹೀಗೆಯೇ ಸಾಗುತ್ತದೆ.

ಒಂದು ಲೆಕ್ಕ

1972ರ ಶೆವೆಲ್ ಕಾರೊಂದನ್ನು ತೆಗೆದುಕೊಳ್ಳೋಣ. 350 ಎಂಜಿನ್, ಆಟೊಮ್ಯಾಟಿಕ್ ಗೇರ್, ಕಾರ್ಖಾನೆಯ ಟಾರ್ಕ್ ಕನ್ವರ್ಟರ್, 3.08 ಅನುಪಾತದ ಆಕ್ಸಲ್, 26 ಇಂಚು ವ್ಯಾಸದ ಟೈರು ಎಂದಿಟ್ಟುಕೊಳ್ಳೋಣ. ಸೀಸರಹಿತ ಪೆಟ್ರೋಲಿಗೆ ಹೊಂದಿಸಲೆಂದು ಜನರಲ್ ಮೋಟಾರ್ಸ್ 1971ರಲ್ಲಿ ತನ್ನ ಎಂಜಿನ್‌ಗಳ ಕಂಪ್ರೆಷನ್ ಅನುಪಾತವನ್ನು ಇಳಿಸಿತ್ತಾದ್ದರಿಂದ ಇದರ ಅನುಪಾತ 8.5 ಮಾತ್ರ. ಈ ಕಾರು ಗಂಟೆಗೆ 60 ಮೈಲಿ, ಅಂದರೆ ಸುಮಾರು 96 ಕಿಲೋಮೀಟರ್ ವೇಗದಲ್ಲಿ ಓಡುವಾಗ ಎಂಜಿನ್ ತಿರುಗುವುದು ನಿಮಿಷಕ್ಕೆ ಸುಮಾರು 2,400 ಸುತ್ತು. ಹೆದ್ದಾರಿಯಲ್ಲಿಯೇ ಇಷ್ಟಾದರೆ ಊರೊಳಗೆ ಇನ್ನೂ ಕಡಿಮೆ.

ಇಂಥ ಎಂಜಿನಿಗೆ ಕಾಂಪ್ ಕ್ಯಾಮ್ಸ್ ಸಂಸ್ಥೆಯ ಎಕ್ಸ್‌ಟ್ರೀಮ್ ಎನರ್ಜಿ ಸರಣಿಯ ಎರಡು ಕ್ಯಾಮ್‌ಗಳು ಬಹುಕಾಲದಿಂದ ಪರಿಚಿತವಾಗಿವೆ. 262 ಎಂಬ ಹೆಸರಿನದರಲ್ಲಿ 0.050 ಇಂಚಿನ ಅವಧಿ 218 ಮತ್ತು 224 ಡಿಗ್ರಿ. 268ರಲ್ಲಿ 224 ಮತ್ತು 230. ಎರಡರ ಲೋಬ್ ಕೋನವೂ 110. ಪೂರ್ಣ ಅವಧಿಯ ಲೆಕ್ಕದಲ್ಲಿ ಮೊದಲನೆಯದರ ಓವರ್‌ಲ್ಯಾಪ್ 46 ಡಿಗ್ರಿ, ಎರಡನೆಯದರದು 54. ತಯಾರಕರು ಸೂಚಿಸುವ ಕೆಲಸದ ವ್ಯಾಪ್ತಿ 262ಕ್ಕೆ 1,300ರಿಂದ 5,600 ಸುತ್ತು, 268ಕ್ಕೆ 1,600ರಿಂದ 5,800. ಕಾಗದದ ಮೇಲೆ ವ್ಯತ್ಯಾಸ ಅಲ್ಪವಾಗಿ ತೋರುತ್ತದೆ. ಆದರೆ ಮೇಲ್ತುದಿಯಲ್ಲಿ ದೊರೆಯುವ 200 ಸುತ್ತುಗಳನ್ನು ಈ ಶೆವೆಲ್ ಮುಟ್ಟುವುದೇ ಅಪರೂಪ; ಕೆಳತುದಿಯಲ್ಲಿ ಕಳೆದುಕೊಳ್ಳುವ 300 ಸುತ್ತುಗಳು ಮಾತ್ರ ಪ್ರತಿ ಸಿಗ್ನಲಿನಲ್ಲಿಯೂ ಬೇಕಾಗುವಂಥವು. ಇಲ್ಲಿ ಆರಿಸಬೇಕಾದುದು 262, ಇಲ್ಲವೇ ಅದಕ್ಕಿಂತಲೂ ಚಿಕ್ಕದು.

ಮಾಲೀಕನು ಆಕ್ಸಲಿನ ಗೇರನ್ನು 3.73ಕ್ಕೆ ಬದಲಿಸಿದರೆ ಅದೇ 60 ಮೈಲಿ ವೇಗದಲ್ಲಿ ಎಂಜಿನ್ ಸುಮಾರು 2,900 ಸುತ್ತು ತಿರುಗುತ್ತದೆ. ಅದರೊಡನೆ, 2,000 ಸುತ್ತಿಗಿಂತ ಮೇಲೆ ಹಿಡಿತಕ್ಕೆ ಬರುವ ಕನ್ವರ್ಟರ್ ಜೋಡಿಸಿ, ಪಿಸ್ಟನ್ ಅಥವಾ ಹೆಡ್ ಬದಲಿಸಿ ಕಂಪ್ರೆಷನ್ನನ್ನು 9.5ರ ಸಮೀಪಕ್ಕೆ ತಂದರೆ 268 ಸಾರ್ಥಕವಾಗುತ್ತದೆ. 268ರಲ್ಲಿ ಇನ್‌ಲೆಟ್ ವಾಲ್ವ್ ಪಿಸ್ಟನ್ ಕೆಳತುದಿ ಮುಟ್ಟಿದ ನಂತರ 60 ಡಿಗ್ರಿಗಳವರೆಗೂ ತೆರೆದಿರುವುದರಿಂದ, 8.5ರ ಕಂಪ್ರೆಷನ್ನಿನಲ್ಲಿ ಸೋರಿಹೋಗಲು ಹೆಚ್ಚಿನ ಒತ್ತಡವೇ ಉಳಿದಿರುವುದಿಲ್ಲ. ಹೀಗೆ ಒಂದು ಕ್ಯಾಮಿನ ಆಸೆ ಮೂರು ಬೇರೆ ಖರ್ಚುಗಳನ್ನು ಕರೆತರುತ್ತದೆ. ಹಾಸಿಗೆಯಿದ್ದಷ್ಟು ಕಾಲು ಚಾಚುವವನಿಗೆ ಚಿಕ್ಕ ಕ್ಯಾಮೇ ಲೇಸು. ಎರಡರ ನಡುವೆ ಮನಸ್ಸು ಹೊಯ್ದಾಡಿದರೆ ಚಿಕ್ಕದನ್ನೇ ಆರಿಸಬೇಕೆಂಬುದು ಅನುಭವಿ ಎಂಜಿನ್ ಕಟ್ಟುವವರ ಹಳೆಯ ಸಲಹೆ. ಪ್ರತಿಷ್ಠಿತ ತಯಾರಕರ ಸಲಹಾ ವಿಭಾಗಕ್ಕೆ ದೂರವಾಣಿ ಮಾಡಿದರೆ ಅವರು ಮೊದಲು ಕೇಳುವುದೂ ಕಾರಿನ ತೂಕ, ಟೈರಿನ ವ್ಯಾಸ, ಗೇರ್ ಅನುಪಾತ, ಕಂಪ್ರೆಷನ್ ಮತ್ತು ಬಳಕೆಯ ಬಗೆಯನ್ನೇ. ಈ ಪ್ರಶ್ನೆಗಳಿಗೆ ಗ್ರಾಹಕನು ಇರುವುದನ್ನು ಹೇಳಬೇಕೇ ಹೊರತು ಮುಂದೊಂದು ದಿನ ಹಾಕಿಸಬೇಕೆಂದಿರುವುದನ್ನಲ್ಲ.

ಕಾನೂನಿನ ಕಡೆಗೂ ಒಂದು ನೋಟ ಅಗತ್ಯ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲ್ ಕಾರುಗಳಿಗೆ ನಿಯತಕಾಲಿಕ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ. ನಂತರದ ಮಾದರಿಗಳಿಗೆ ಕೊಳ್ಳುವ ಕ್ಯಾಮಿಗೆ ಅಲ್ಲಿನ ವಾಯು ಸಂಪನ್ಮೂಲ ಮಂಡಳಿಯ ಅನುಮತಿ ಸಂಖ್ಯೆ ಇರಬೇಕಾಗುತ್ತದೆ.

ಚಪ್ಪಟೆ ಟ್ಯಾಪೆಟ್ಟಿನ ಅಪಾಯ

ಸರಿಯಾದ ಕ್ಯಾಮ್ ಆರಿಸಿದ ಮೇಲೂ ಅದನ್ನು ಮೊದಲ ಅರ್ಧ ಗಂಟೆಯಲ್ಲಿಯೇ ಹಾಳುಮಾಡಿಕೊಳ್ಳಬಹುದು. 1960ರ ದಶಕದ ಈ ಎಂಜಿನ್‌ಗಳಲ್ಲಿ ಟ್ಯಾಪೆಟ್ಟಿನ ತಳ ನೇರವಾಗಿ ಲೋಬಿನ ಮೇಲೆ ಉಜ್ಜುತ್ತದೆ. ತಳ ಚಪ್ಪಟೆಯಾಗಿ ಕಂಡರೂ ಕಣ್ಣಿಗೆ ಕಾಣದಷ್ಟು ಉಬ್ಬಾಗಿರುತ್ತದೆ, ಲೋಬ್ ಅಷ್ಟೇ ಸೂಕ್ಷ್ಮವಾಗಿ ಓರೆಯಾಗಿರುತ್ತದೆ. ಇದರಿಂದ ಟ್ಯಾಪೆಟ್ ತನ್ನ ಗೂಡಿನಲ್ಲಿ ಸುತ್ತುತ್ತ ಸವೆತವನ್ನು ಹಂಚಿಕೊಳ್ಳುತ್ತದೆ. ಸುತ್ತುವುದು ನಿಂತರೆ ಲೋಬ್ ತೇದು ಹೋಗಿ, ಕಬ್ಬಿಣದ ಪುಡಿ ಎಣ್ಣೆಯೊಡನೆ ಬೇರಿಂಗ್‌ಗಳಿಗೆಲ್ಲ ಹರಡುತ್ತದೆ. ಈ ಬಗೆಯ ಕ್ಯಾಮ್ ಎರಕದ ಕಬ್ಬಿಣದ್ದು. ಲೋಬಿನ ಮೇಲ್ಮೈಯನ್ನು ಮಾತ್ರ ಗಟ್ಟಿಗೊಳಿಸಿರುತ್ತಾರೆ. ಕರ್ನಾಟಕದ ಗಡಿಗೆ ಹತ್ತಿರದ ಸೊಲ್ಲಾಪುರದಲ್ಲಿ ವಾಹನ ಕಂಪನಿಗಳಿಗಾಗಿ ಕ್ಯಾಮ್‌ಶಾಫ್ಟ್‌ಗಳ ತಯಾರಿಕೆ ದೊಡ್ಡ ಪ್ರಮಾಣದಲ್ಲಿ ನಡೆಯುವುದರಿಂದ, ಮೇಲ್ಮೈಯ ಗಡಸುತನಕ್ಕೆ ಈ ಭಾಗದಲ್ಲಿರುವ ಬೆಲೆಯೇನೆಂಬುದು ಉತ್ತರ ಕರ್ನಾಟಕದ ಎರಕ ಉದ್ಯಮಿಗಳಿಗೆ ವಿವರಿಸಬೇಕಾದುದಲ್ಲ.

ಎಣ್ಣೆಯೂ ಬದಲಾಗಿದೆ. ಲೋಬಿನ ಮೇಲೆ ರಕ್ಷಕ ಪದರವನ್ನು ಕಟ್ಟುವುದು ಸತು ಮತ್ತು ರಂಜಕಗಳಿರುವ ಒಂದು ಸಂಯುಕ್ತ. ರಂಜಕವು ಹೊಗೆ ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುವುದರಿಂದ, 2004ರಲ್ಲಿ ಬಂದ ಎಸ್ಎಂ ದರ್ಜೆಯ ಮಾನದಂಡವು ಸಾಮಾನ್ಯ ತೆಳು ಎಣ್ಣೆಗಳಲ್ಲಿ ಅದರ ಪ್ರಮಾಣವನ್ನು ಶೇಕಡಾ 0.08ಕ್ಕೆ ಮಿತಿಗೊಳಿಸಿತು. ಹೊಸ ಕಾರುಗಳ ರೋಲರ್ ಟ್ಯಾಪೆಟ್‌ಗಳಿಗೆ ಇದರಿಂದ ತೊಂದರೆಯಿಲ್ಲ. ಚಪ್ಪಟೆ ಟ್ಯಾಪೆಟ್ಟಿನ ಹಳೆಯ ಎಂಜಿನಿಗೆ ಸುಮಾರು ಶೇಕಡಾ 0.12ರಷ್ಟು ರಂಜಕವಿರುವ, ಅದಕ್ಕೆಂದೇ ತಯಾರಿಸಿದ ಎಣ್ಣೆಯನ್ನು ಹುಡುಕಿ ತರಬೇಕಾಗುತ್ತದೆ. ಹೈಡ್ರಾಲಿಕ್ ರೋಲರ್ ಕ್ಯಾಮ್ ಹಾಕಿಸಿದರೆ ಈ ಚಿಂತೆ ತಪ್ಪುತ್ತದೆ. ಜನರಲ್ ಮೋಟಾರ್ಸ್ ಕೂಡ 1987ರಿಂದ ತನ್ನ ಕಾರುಗಳ 350 ಎಂಜಿನಿಗೆ ಅದನ್ನೇ ಅಳವಡಿಸಿತು. ಆದರೆ ಹಳೆಯ ಬ್ಲಾಕಿಗೆ ಹೊಂದುವ ರೋಲರ್ ಟ್ಯಾಪೆಟ್‌ಗಳ ಬೆಲೆಯೇ ಕ್ಯಾಮಿನ ಬೆಲೆಯನ್ನು ಮೀರುವುದುಂಟು.

ಹೊಸ ಚಪ್ಪಟೆ ಕ್ಯಾಮಿಗೆ ಹಳೆಯ ಟ್ಯಾಪೆಟ್‌ಗಳನ್ನು ಎಂದಿಗೂ ಹಾಕಬಾರದು. ಜೋಡಣೆಯ ಸಮಯದಲ್ಲಿ ಡಿಗ್ರಿ ಚಕ್ರ ಮತ್ತು ಡಯಲ್ ಗೇಜ್ ಇಟ್ಟು, ಕ್ಯಾಮಿನೊಡನೆ ಬಂದ ಚೀಟಿಯಲ್ಲಿನ ಡಿಗ್ರಿಗಳು ಎಂಜಿನಿನಲ್ಲಿಯೂ ಬರುತ್ತಿವೆಯೇ ಎಂದು ಪರಿಶೀಲಿಸಬೇಕು. ಟೈಮಿಂಗ್ ಚೈನಿನ ಗುರುತುಗಳನ್ನಷ್ಟೇ ನಂಬಿದರೆ ನಾಲ್ಕಾರು ಡಿಗ್ರಿ ಆಚೀಚೆಯಾಗುವ ಸಂಭವವಿದೆ. ಲೋಬ್‌ಗಳಿಗೆ ಅದಕ್ಕೆಂದೇ ಇರುವ ಲೇಪನ ಬಳಿದು, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್, ಸರಿಯಾದ ಇಗ್ನಿಷನ್ ಸಮಯ, ರೇಡಿಯೇಟರಿನಲ್ಲಿ ನೀರು ಎಲ್ಲವನ್ನೂ ಮೊದಲೇ ಸಿದ್ಧಪಡಿಸಿಕೊಂಡಿರಬೇಕು. ಎಂಜಿನ್ ಬಹಳ ಹೊತ್ತು ಸ್ಟಾರ್ಟರಿನಲ್ಲಿಯೇ ತಿರುಗಿದರೆ ಲೇಪನ ಒರೆಸಿಹೋಗುತ್ತದೆ. ಹೊತ್ತಿಕೊಂಡೊಡನೆ ಐಡ್ಲಿಂಗಿಗೆ ಬಿಡದೆ ವೇಗವನ್ನು ನಿಮಿಷಕ್ಕೆ 2,000ದಿಂದ 2,500 ಸುತ್ತಿಗೆ ಏರಿಸಿ, ಸ್ವಲ್ಪ ಏರಿಳಿಸುತ್ತ, 20ರಿಂದ 30 ನಿಮಿಷ ಓಡಿಸಬೇಕು, ಏಕೆಂದರೆ ಲೋಬ್‌ಗಳಿಗೆ ಎಣ್ಣೆ ಸಿಗುವುದು ಮುಖ್ಯವಾಗಿ ಕ್ರ್ಯಾಂಕ್ ಎರಚುವುದರಿಂದ, ನಿಧಾನ ವೇಗದಲ್ಲಿ ಆ ಎರಚಾಟ ಸಾಲದು. ಆ ನಂತರ ಎಂಜಿನ್ ನಿಲ್ಲಿಸಿ, ಎಣ್ಣೆ ಇಳಿಸಿ, ಫಿಲ್ಟರನ್ನು ಕತ್ತರಿಸಿ ಕಾಗದದ ಮಡಿಕೆಗಳನ್ನು ಬಿಡಿಸಿ ಲೋಹದ ಹೊಳಪಿದೆಯೇ ಎಂದು ಬೆಳಕಿನಲ್ಲಿ ಹಿಡಿದು ನೋಡಬೇಕು.